ಬೀಗರ ಕಲ್ಲು

ಜೂನ್ ೪

ಮಗನಿಗೆ,

ನಿನ್ನ ಕಾಗದ ಬಂತು. ಎರಡು ಪುಟ. ಮೊದಲ ಪುಟದಲ್ಲಿ ನಿನ್ನ ಮಾವನ ಸಾಣೆಕಲ್ಲು, ಎರಡನೆಯದರಲ್ಲಿ ಅದೇ ಕಲ್ಲಿನ ಮುಂದುವರಿಕೆ. ಕೊನೆಗೆ ಜಾಗವಿಲ್ಲದೆ ಅಂಚಿನಲ್ಲಿ ಅಡ್ಡಡ್ಡವಾಗಿ "ನೀನು ಹೇಗಿದ್ದೀ ಅಮ್ಮಾ" ಎಂದು ಬರೆದಿದ್ದೀ. ಚೆನ್ನಾಗಿದ್ದೇನೆ, ನಾನೂ ಅಡ್ಡಡ್ಡವಾಗಿಯೇ.

ನಿನ್ನನ್ನು ಅಲ್ಲಿಗೆ ಕಳಿಸಿದವಳು ನಾನೇ, ಮರೆತಿಲ್ಲ. ನಿಮ್ಮಪ್ಪ ಹೋದ ಮೇಲೆ ಸಾಣೆಚಕ್ರವನ್ನು ಬೀದಿ ಬೀದಿ ತಳ್ಳಿಕೊಂಡು ತಿರುಗಿ, ಕಡೆಗೆ ಈ ಪೇಟೆಯಲ್ಲಿ ಬಾಗಿಲಿರುವ ಅಂಗಡಿ ಮಾಡಿದವಳು. ಕತ್ತರಿ, ಚಾಕು, ಬಡಗಿಯ ಉಳಿ, ಇವುಗಳಲ್ಲಿ ನನ್ನನ್ನು ಮೀರಿಸಿದವರು ಇಲ್ಲಿಲ್ಲ. ಕ್ಷೌರಕತ್ತಿ ಮಾತ್ರ ನನ್ನ ಕೈಗೆ ಒಲಿಯಲಿಲ್ಲ. ಪೇಟೆಯ ಕ್ಷೌರಿಕರೆಲ್ಲ ನನ್ನ ಅಂಗಡಿಯ ಮುಂದೆಯೇ ನಡೆದು, ನನಗೇ ನಮಸ್ಕಾರ ಹೇಳಿ, ಬೇರೆಯವರ ಹತ್ತಿರ ಸಾಣೆ ಹಿಡಿಸಿಕೊಂಡು ಬರುತ್ತಾರೆ. ಆ ನಮಸ್ಕಾರ ಇದೆಯಲ್ಲ, ಅದು ಉರಿಸುತ್ತದೆ. ಬೀಗರು ಕ್ಷೌರಕತ್ತಿಯಲ್ಲಿ ಎತ್ತಿದ ಕೈ ಎಂದು ಕೇಳಿದ್ದಕ್ಕೇ ಹೋಗಿ ಕಲಿತು ಬಾ ಎಂದೆ. ಸೊಸೆಯೂ ತವರಲ್ಲಿ ನಾಲ್ಕು ದಿನ ಇದ್ದ ಹಾಗಾಯಿತು ಎಂದೆ. ಅಕ್ಟೋಬರ್ ಮುಗಿಯುವುದರೊಳಗೆ ವಾಪಸು, ನಮ್ಮ ಅಂಗಡಿಯಲ್ಲಿ ಕ್ಷೌರಕತ್ತಿಯ ಕೆಲಸ ಶುರು ಎನ್ನುವುದು ಮಾತು. ಕಲಿಯಲು ಕಳಿಸಿದ್ದು ಕೆಲಸವನ್ನು, ಕಲ್ಲಿನ ಭಜನೆಯನ್ನಲ್ಲ.

ಅವರ ಮನೆಯಲ್ಲಿ ಅದಕ್ಕೆ ಹೆಸರೇ ಇಲ್ಲವಂತೆ, ಬರೀ "ಕಲ್ಲು" ಎನ್ನುತ್ತಾರಂತೆ. ಹಾಗಾದರೆ ನನ್ನ ಕಪಾಟಿನಲ್ಲಿರುವುದೇನು, ಸೋಪಿನ ಬಿಲ್ಲೆಗಳೇ? ನನ್ನ ಕಲ್ಲು ಒಂದೊಂದಕ್ಕೂ ಹೆಸರಿದೆ. ನದಿದಂಡೆಯಲ್ಲಿ ಬಟ್ಟೆ ಒಗೆಯುವವರ ಕಾಲಡಿಯಿಂದ ಎತ್ತಿ ತಂದ ಬೂದಿ. ಕೆಡವಿದ ಮನೆಯ ಹೊಸ್ತಿಲಿಂದ ಕೊಯ್ಯಿಸಿದ ಜಗಳಗಂಟಿ, ಮುಟ್ಟಿದ ಅಲಗನ್ನೆಲ್ಲ ಗೀರುತ್ತದೆ, ಆದರೂ ಕೊಡಲಿಗೆ ಅದೇ ಬೇಕು. ಸತ್ತ ಬಡಗಿಯ ಸೊಸೆ ಬಾಗಿಲಿಗೆ ಒತ್ತುಗೊಟ್ಟಿದ್ದ ಬೆಣ್ಣೆ. ಅದನ್ನು ಪಡೆಯಲು ಆ ಬಾಗಿಲಿಗೆ ನಾನೇ ಹೊಸ ಚಿಲಕ ಹಾಕಿಸಿಕೊಟ್ಟೆ. ಮುಟ್ಟಿದರೆ ಸವೆಯುವ ಕಪ್ಪು ಸೋಮಾರಿ ಬಿಟ್ಟರೆ, ಒಂದೊಂದೂ ಕೆಲಸಕ್ಕೆ ನಿಂತ ಕಲ್ಲು.

ಬೂದಿಯನ್ನು ಕಳಿಸುತ್ತಿದ್ದೇನೆ. ಅವರ ಕಲ್ಲಿನ ಪಕ್ಕ ಇಡು. ಒಂದೇ ಥರದ ಕತ್ತಿ, ಒಂದೇ ಕೈ, ಬರೀ ನೀರು. ಎಣ್ಣೆ ಸೋಕಿಸಿದರೆ ಕಲ್ಲು ಕೆಟ್ಟಿತು, ಗೊತ್ತಲ್ಲ. ಯಾವುದು ಮೇಲು ಎಂದು ಬರೆ. ಫೋನ್ ಮಾಡಬೇಡ. ಫೋನಿನಲ್ಲಿ ನೀನು "ಹ್ಞೂಂ" ಎನ್ನುತ್ತೀ, ಅದರಲ್ಲಿ ಎಷ್ಟು ಹೌದು ಎಷ್ಟು ಅಲ್ಲ ಎಂದು ತೂಗಲು ನನ್ನ ಹತ್ತಿರ ತಕ್ಕಡಿಯಿಲ್ಲ.

ನೆಟ್ಟಗೆ ಬರೆದಿರುವ
ನಿನ್ನ ಅಮ್ಮ


ಜೂನ್ ೨೦

ಅಮ್ಮಾ,

ಬೂದಿ ಮುಕ್ಕಾಗದೆ ತಲುಪಿತು. ನೀನು ಹೇಳಿದ ಹಾಗೆಯೇ ಮಾಡಿದೆ. ಮಾವನ ಹತ್ತಿರ ಜೋಡಿಕತ್ತಿಗಳಿವೆ. ಒಂದನ್ನು ಬೂದಿಯ ಮೇಲೆ, ಇನ್ನೊಂದನ್ನು ಕಲ್ಲಿನ ಮೇಲೆ ಹಿಡಿದು, ನನ್ನ ಎಡಗೆನ್ನೆ ಬಲಗೆನ್ನೆಗೆ ಹಾಕಿಕೊಂಡೆ. ಬೂದಿಯ ಕತ್ತಿ ಕೂದಲನ್ನು ಕಿತ್ತು ತೆಗೆಯುತ್ತದೆ, ಚರ್ಮ ಸಂಜೆಯವರೆಗೂ ಉರಿಯುತ್ತದೆ. ಕಲ್ಲಿನ ಕತ್ತಿ ಹೋದದ್ದೇ ಗೊತ್ತಾಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ.

ಇಲ್ಲಿನ ಕ್ರಮ ನಮ್ಮದಕ್ಕಿಂತ ಬೇರೆ. ನಾವು ಕಲ್ಲನ್ನು ತೋಯಿಸಿ ನೇರವಾಗಿ ಚಾಕು ಎಳೆಯುತ್ತೇವೆ. ಇವರು ಮೊದಲು ಅಂಗೈಯಗಲದ ಕಲ್ಲಿನ ತುಂಡೊಂದರಿಂದ ದೊಡ್ಡ ಕಲ್ಲಿನ ಮುಖವನ್ನು ಉಜ್ಜುತ್ತಾರೆ. ಆ ತುಂಡಿಗೆ ಮರಿಕಲ್ಲು ಎನ್ನುತ್ತಾರೆ. ಉಜ್ಜಿದಾಗ ಹಾಲಿನಂಥ ಗಸಿ ಏಳುತ್ತದೆ. ಕತ್ತಿ ಓಡಬೇಕಾದದ್ದು ಆ ಗಸಿಯಲ್ಲಿ. ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಗಸಿಯನ್ನು ತೆಳು ಮಾಡುತ್ತ, ಕೊನೆಗೆ ಬರೀ ನೀರಿನಲ್ಲಿ ಮುಗಿಸುತ್ತಾರೆ. ಎಲ್ಲಿ ನಿಲ್ಲಿಸಬೇಕು ಎನ್ನುವುದು ಕಿವಿಗೆ ಗೊತ್ತಾಗಬೇಕಂತೆ. ನನಗೆ ಈಗೀಗ ಕೇಳಿಸುತ್ತಿದೆ.

ಇನ್ನೊಂದು ಮಾತು. ಮಾವ ಮೊನ್ನೆ ಕೆಲಸದ ನಡುವೆ, ತಲೆ ಎತ್ತದೆ, ನಾನು ಇಲ್ಲೇ ನಿಲ್ಲುವುದಾದರೆ ಮುಂದೆ ಕಲ್ಲು ನನ್ನದೇ ಎಂದರು. ಆದರೆ ಅದು ಈ ಬೆಂಚು ಬಿಟ್ಟು ಬೇರೆ ಊರಿಗೆ ಹೋಗುವುದಿಲ್ಲವಂತೆ. ನಾನು ಏನೂ ಹೇಳಿಲ್ಲ. ಅಂಥ ಕಲ್ಲು ಮತ್ತೆಲ್ಲಿ ಸಿಗುತ್ತದೆ ಎಂದು ಯೋಚನೆ ಮಾಡುತ್ತಿದ್ದೇನೆ, ಅಷ್ಟೇ.

ನಿನ್ನ ಮಗ


ಜೂನ್ ೨೮

ಮಗನಿಗೆ,

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ದೂರದ ಕಲ್ಲು ಕತ್ತಿಗೂ ನುಣ್ಣಗೇನೋ.

"ಯೋಚನೆ ಮಾಡುತ್ತಿದ್ದೇನೆ, ಅಷ್ಟೇ" ಎಂದು ಬರೆದಿದ್ದೀ. ಆ "ಅಷ್ಟೇ"ಯಲ್ಲಿ ಎಷ್ಟಿದೆ ಎಂದು ನನಗೆ ಗೊತ್ತು. ಗಿರಾಕಿ "ಸುಮ್ಮನೆ ನೋಡ್ತಿದೀನಿ, ಅಷ್ಟೇ" ಎಂದರೆ ಕೊಳ್ಳಲು ಮನಸ್ಸು ಮಾಡಿಯಾಗಿದೆ, ಆದರೆ ಪಕ್ಕದಂಗಡಿಯಲ್ಲಿ ಎಂದರ್ಥ. ಹೆಂಡತಿ ತವರಿಗೆ ಹೋಗುವುದನ್ನು ಲೋಕ ಕಂಡಿದೆ. ಗಂಡನೂ ಬೆನ್ನಿಗೇ ಹೋಗಿ ಮಾವನ ಬೆಂಚಿಗೆ ಅಂಟಿಕೊಂಡರೆ ಅವನನ್ನು ಏನೆನ್ನುತ್ತಾರೆ ಎನ್ನುವುದೂ ಲೋಕಕ್ಕೆ ಗೊತ್ತು. ನಾನು ಹೇಳುವುದಿಲ್ಲ. ಹೇಳಲು ಪೇಟೆಯಲ್ಲಿ ಬೇಕಾದಷ್ಟು ಬಾಯಿಗಳಿವೆ, ನಮ್ಮಲ್ಲಿ ಕತ್ತರಿ ಹಿಡಿಸುವ ಟೈಲರ್ ಆಗಲೇ ಅಭ್ಯಾಸ ಶುರುಮಾಡಿದ್ದಾನೆ.

ಬೂದಿ ಸೋತದ್ದಕ್ಕೆ ನನಗೆ ಬೇಜಾರಿಲ್ಲ, ಅದನ್ನು ಮುಂದೆ ಬಿಟ್ಟು ನೋಡಿದ್ದು ಅಷ್ಟೇ. (ನೋಡು, ನಾನೂ "ಅಷ್ಟೇ" ಎಂದೆ.) ಈ ಪಾರ್ಸೆಲ್ಲಿನಲ್ಲಿ ಬೆಣ್ಣೆ ಇದೆ. ಹಳೇ ಸೀರೆಯಲ್ಲಿ ಸುತ್ತಿ, ಹಲಗೆಯ ಪೆಟ್ಟಿಗೆ ಮಾಡಿಸಿ ಕಳಿಸಿದ್ದೇನೆ. ನಿನ್ನನ್ನು ಕೂಡ ಇಷ್ಟು ಜೋಪಾನವಾಗಿ ಕಳಿಸಿರಲಿಲ್ಲ. ಅದರ ಮೇಲೆ ಹಿಡಿದ ಉಳಿಯಿಂದ ಬಡಗಿಗಳು ಮರವನ್ನು ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯುತ್ತಾರೆ. ಅವರ ಕಲ್ಲು ಅದರ ಎದುರು ನಿಂತು ತೋರಿಸಲಿ.

ಬೂದಿಯನ್ನು ವಾಪಸು ಕಳಿಸು. ಕಪಾಟಿನಲ್ಲಿ ಅದರ ಜಾಗ ಖಾಲಿ ಬಿದ್ದು, ಮುಂದಿನ ಹಲ್ಲು ಬಿದ್ದ ಹಾಗೆ ಕಾಣುತ್ತಿದೆ.

ಅಮ್ಮ


ಜುಲೈ ೧೯

ಬೀಗಿತ್ತಿಯವರಿಗೆ ನಮಸ್ಕಾರಗಳು.

ತಮ್ಮ ಬೆಣ್ಣೆಕಲ್ಲನ್ನು ಅಳಿಯಂದಿರು ನನಗೆ ತೋರಿಸಿದರು. ಒಳ್ಳೆಯ ಕಲ್ಲು. ನಾನು ಮರ ಕೆತ್ತುವವನಾಗಿದ್ದರೆ ತಮ್ಮಲ್ಲಿಗೆ ಬಂದು ಬೇಡಿಕೊಳ್ಳುತ್ತಿದ್ದೆ. ಆದರೆ ಮರಕ್ಕೆ ಚರ್ಮವಿಲ್ಲ, ನೋವೆಂದು ಹೇಳಲು ಬಾಯಿಯಿಲ್ಲ. ಕ್ಷೌರಕತ್ತಿಯ ಕಲ್ಲಿಗೆ ಮುಖದ ಮೇಲೆ ಕರುಣೆ ಇರಬೇಕು. ಈ ಸಲವೂ ಅಳಿಯಂದಿರ ಒಂದು ಕೆನ್ನೆ ಕೆಂಪಾಯಿತು. ಅವರು ತಮಗೆ ಹೇಳಲು ಹಿಂಜರಿಯುತ್ತಿದ್ದಾರೆಂದು ನಾನೇ ಬರೆಯುತ್ತಿದ್ದೇನೆ.

ನಮ್ಮ ಕಲ್ಲಿನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ನಮ್ಮ ತಂದೆ ಕೂತ ಬೆಂಚಿನ ಮೇಲೆ ಅದು ನನಗಿಂತ ಮೊದಲಿನಿಂದ ಇದೆ. ಹಳದಿ ಬಣ್ಣ, ಗಾಜಿನಷ್ಟು ಗಟ್ಟಿ. ಆಶ್ಚರ್ಯವೆಂದರೆ ಈ ವರ್ಷ ಅದು ಇನ್ನೂ ಮಾಗಿದೆ. ಇಷ್ಟು ಕಾಲದಲ್ಲಿ ಕೊಡದ ಅಲಗನ್ನು ಈಗ ಕೊಡುತ್ತಿದೆ. ಕೆಲವು ಮುದುಕರು ಕೊನೆಗಾಲದಲ್ಲಿ ಚೆನ್ನಾಗಿ ಮಾತಾಡುತ್ತಾರಲ್ಲ, ಹಾಗೆ. ಪಕ್ಕದೂರುಗಳಿಂದಲೂ ಕ್ಷೌರಿಕರು ಬರತೊಡಗಿದ್ದಾರೆ.

ಅಳಿಯಂದಿರ ಕೈ ಹದವಾಗಿದೆ. ಇಂಥ ಕಲ್ಲು, ಅಂಥ ಕೈ, ಇವೆರಡನ್ನು ಬೇರೆ ಮಾಡುವುದು ನ್ಯಾಯವೇ ಎಂದು ತಾವೇ ಯೋಚಿಸಬೇಕು. ಮಗಳೂ ಇಲ್ಲಿಯೇ ಇರುತ್ತಾಳೆ ಎನ್ನುವ ಸ್ವಾರ್ಥ ನನಗಿಲ್ಲವೆಂದರೆ ಸುಳ್ಳಾದೀತು.

ತಮ್ಮ ಬೀಗ


ಜುಲೈ ೨೬

ಬೀಗರೇ,

ನಿಮ್ಮ ಕಾಗದದಲ್ಲಿ ವಿನಯ ಎಷ್ಟು ದಪ್ಪಗೆ ಹಚ್ಚಿದ್ದೀರೆಂದರೆ, ಕೆಳಗಿರುವ ಜಂಬ ಸಿಗಲು ಎರಡು ಸಲ ಓದಬೇಕಾಯಿತು.

ಸೋಲು ಗೆಲುವನ್ನು ನೀವೇ ಹೇಳುತ್ತೀರಿ, ನನ್ನ ಮಗನ ಕೆನ್ನೆಯೂ ನಿಮ್ಮ ಮನೆಯಲ್ಲೇ ಇದೆ. ಅಳೆಯುವವನೂ ಮಾರುವವನೂ ಒಬ್ಬನೇ ಆದರೆ ಸೇರು ಯಾವಾಗಲೂ ತುಂಬಿರುತ್ತದೆ. ಒಂದು ಕೆಲಸ ಮಾಡೋಣ. ಹೊಸ ಕತ್ತಿ ಮೂರು ಕಳಿಸುತ್ತಿದ್ದೇನೆ, ಮೂರೂ ಒಂದೇ ಕಮ್ಮಾರಸಾಲೆಯವು. ನಾನು ವಾಪಸು ಕೇಳಿದರೂ ಅಲ್ಲೇ ಉಳಿದಿರುವ ಬೂದಿಯ ಮೇಲೊಂದು, ಬೆಣ್ಣೆಯ ಮೇಲೊಂದು, ನಿಮ್ಮ ಕಲ್ಲಿನ ಮೇಲೊಂದು ಹಿಡಿಸಿ. ಹಿಡಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ. ಯಾವ ದಾರ ಯಾವ ಕಲ್ಲು ಎನ್ನುವುದನ್ನು ಸೊಸೆ ಒಂದು ಲಕೋಟೆಯಲ್ಲಿ ಬರೆದು ಅಂಟಿಸಲಿ. ನನ್ನ ಎದುರಂಗಡಿಯ ಕ್ಷೌರಿಕ ಮೂರನ್ನೂ ಬಳಸಿ ನೋಡಿ ತೀರ್ಪು ಹೇಳುತ್ತಾನೆ. ಆಮೇಲೆ ಲಕೋಟೆ ಒಡೆಯುತ್ತೇನೆ. ಅವನು ನನಗೂ ನೆಂಟನಲ್ಲ, ನಿಮಗೂ ಅಲ್ಲ.

ನನ್ನದು ಗೆದ್ದರೆ ಮಗ ಅಕ್ಟೋಬರಿಗೆ ವಾಪಸು, ಆ ಕಡೆಯಿಂದ ಯಾರೂ ನಿಟ್ಟುಸಿರು ಬಿಡಬಾರದು. ನಿಮ್ಮದು ಗೆದ್ದರೆ ನಾನು ಬಾಯಿ ಮುಚ್ಚುತ್ತೇನೆ. ಅದು ಎಷ್ಟು ದೊಡ್ಡ ಪಣ ಎಂದು ನನ್ನ ಮಗನನ್ನು ಕೇಳಿ.

ಬೀಗಿತ್ತಿ


ಆಗಸ್ಟ್ ೨೨

ಮಗನಿಗೆ,

ನಿನ್ನೆ ಕತ್ತಿಗಳ ಪರೀಕ್ಷೆ ಆಯಿತು.

ಎದುರಂಗಡಿಯ ಕ್ಷೌರಿಕ ತಂತಿಯಂಥ ಗಡ್ಡದ ಬಟ್ಟೆ ವ್ಯಾಪಾರಿಯೊಬ್ಬನನ್ನು ಹಿಡಿದು ಕೂರಿಸಿದ. ಒಂದು ಕೆನ್ನೆಗೆ ಹಸಿರು ದಾರ, ಇನ್ನೊಂದಕ್ಕೆ ಬಿಳಿ, ಗಲ್ಲ ಕುತ್ತಿಗೆಗೆ ಕೆಂಪು. ನಾನು ಗೋಡೆಯ ಕನ್ನಡಿಯೊಳಗೆ ನೋಡುತ್ತ ನಿಂತೆ. ಹಸಿರಿಗೆ ವ್ಯಾಪಾರಿ ಕಾಲುಬೆರಳು ಮಡಿಸಿದ. ಬಿಳಿಗೆ ಕಣ್ಣು ಮುಚ್ಚಿ ಸಹಿಸಿಕೊಂಡ. ಕೆಂಪು ದಾರದ ಕತ್ತಿ ಕುತ್ತಿಗೆಗೆ ಬಂದಾಗ ಆಸಾಮಿ ಮಾತು ಶುರುಮಾಡಿದ, ಯಾವುದೋ ಬಟ್ಟೆಯ ಥಾನಿನ ಕಥೆ. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಮನುಷ್ಯ ಕಥೆ ಹೇಳುತ್ತಾನೆಂದರೆ ಅದಕ್ಕಿಂತ ತೀರ್ಪು ಇನ್ನೇನು ಬೇಕು.

ಕ್ಷೌರಿಕ ಆ ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದ. ನನ್ನ ಕಡೆ ತಿರುಗಿ ಕೇಳಿದ: "ಅಕ್ಕಾ, ಇದನ್ನ ಸಾಣೆ ಹಿಡಿದವರು ಯಾರು? ಎಲ್ಲಿದ್ದಾರೆ ಹೇಳಿ, ನನ್ನ ಕತ್ತಿಯೆಲ್ಲ ಇನ್ನು ಅವರಿಗೇ."

ಕೆಂಪು ಅಂದರೆ ಬೆಣ್ಣೆಯೇ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿ, ಬಾಯಲ್ಲಿ ನಗು ಸಿದ್ಧ ಮಾಡಿಟ್ಟುಕೊಂಡಿದ್ದೆ. ಲಕೋಟೆ ಒಡೆದೆ. ಹಸಿರು ಬೂದಿ, ಬಿಳಿ ಬೆಣ್ಣೆ, ಕೆಂಪು ಅಪ್ಪನ ಕಲ್ಲು. ನಿನ್ನ ಹೆಂಡತಿಯ ಅಕ್ಷರ ದುಂಡಗೆ ಚೆನ್ನಾಗಿದೆ, ಎಷ್ಟು ಸಲ ನೋಡಿದರೂ ಹಾಗೆಯೇ ಇತ್ತು.

ಕ್ಷೌರಿಕ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ. "ಕಲ್ಲು ನಮ್ಮದಲ್ಲ" ಎಂದು ಹೇಳಿ ರಸ್ತೆ ದಾಟಿ ಬಂದೆ.

ಮಾತು ಕೊಟ್ಟಂತೆ ಬಾಯಿ ಮುಚ್ಚುತ್ತೇನೆ. ಮುಚ್ಚುವ ಮುಂಚೆ ಒಂದು ವಿಷಯ. ಇಷ್ಟು ವರ್ಷ ಬೆಟ್ಟ ಹೊಳೆ ಸುತ್ತಿ, ಕಂಡವರ ಹಿತ್ತಲು ಹೊಸ್ತಿಲು ಹುಡುಕಿ ನಾನು ಕಪಾಟು ತುಂಬಿಸಿದೆ. ಆ ಮನುಷ್ಯ ಹುಟ್ಟಿದ ಕಡೆಯೇ ಕೂತಿದ್ದ, ಕಲ್ಲು ಅವನ ಮುಂದೆಯೇ ಇತ್ತು. ಈಗ ನನ್ನ ಮಗನೂ ಅವನ ಮುಂದೆಯೇ ಕೂತಿದ್ದಾನೆ. ಕೆಲವರಿಗೆ ಎಲ್ಲ ಕೂತಲ್ಲಿಗೇ ಬರುತ್ತದೆ. ನನ್ನ ಕಪಾಟನ್ನು ಈಗ ನೋಡಿದರೆ ನದಿಯಲ್ಲಿ ಕಲ್ಲು ಹೊರುವ ಕತ್ತೆಯ ಬೆನ್ನು ನೆನಪಾಗುತ್ತದೆ.

ಅಮ್ಮ


ಸೆಪ್ಟೆಂಬರ್ ೨

ಅತ್ತೆಗೆ ನಮಸ್ಕಾರ.

ನಿಮ್ಮ ಕಾಗದವನ್ನು ಇವರು ಮತ್ತೆ ಮತ್ತೆ ಓದಿದರು. ಅಪ್ಪನಿಗೆ ನಾನೇ ಓದಿ ಹೇಳಿದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ. "ಪಾಪ, ಬೆಣ್ಣೆಕಲ್ಲು ಒಳ್ಳೆಯದೇ" ಎಂದು ಹೇಳಿ ಆಚೆ ಹೋದರು, ಆದರೆ ಆಚೆ ಹೋಗಿ ಸಿಳ್ಳೆ ಹಾಕುತ್ತಿದ್ದರು. ಸುಳ್ಳು ಯಾಕೆ ಹೇಳಲಿ.

ನೀವು ಬೇಸರ ಮಾಡಿಕೊಳ್ಳಬೇಡಿ ಅತ್ತೆ. ನಿಮ್ಮ ಕಲ್ಲು ಯಾವುದೂ ಇಲ್ಲಿ ಕೆಲಸಕ್ಕೆ ಬರಲಿಲ್ಲ ಎಂದೇನಿಲ್ಲ. ನಾವು ಹೊರಟ ದಿನ ತುಕ್ಕು ತೆಗೆಯಲು ಇರಲಿ ಎಂದು ಇವರ ಚೀಲಕ್ಕೆ ಒಂದು ಕಪ್ಪು ತುಂಡು ಹಾಕಿದ್ದಿರಲ್ಲ, ಸೋಮಾರಿಯ ಅಂಚು ಕೊಯ್ದಾಗ ಉಳಿದದ್ದು. ಅದನ್ನು ಇವರು ದಿನಾ ಬಳಸುತ್ತಾರೆ. ಅಪ್ಪನ ಮರಿಕಲ್ಲು ಸವೆದು ಸವೆದು ನಾವು ಬಂದ ಸ್ವಲ್ಪ ದಿನಕ್ಕೇ ಒಡೆದುಹೋಯಿತು. ಅದು ಕಲ್ಲಿನದೇ ತುಂಡಾಗಿತ್ತು, ಮತ್ತೆ ಕೊಯ್ಯಲು ಅಪ್ಪನಿಗೆ ಮನಸ್ಸು ಬರಲಿಲ್ಲ. ಆವತ್ತಿನಿಂದ ಕಲ್ಲಿನ ಮೇಲೆ ಗಸಿ ಎಬ್ಬಿಸುವುದು ನಿಮ್ಮ ಕಪ್ಪು ತುಂಡಿನಲ್ಲೇ. ಕೆಂಪು ದಾರದ ಕತ್ತಿಗೂ ಅದೇ. ಒಂದಲ್ಲ ಒಂದು ರೀತಿಯಲ್ಲಿ ನಿಮ್ಮದೂ ಇದೆ ಎನ್ನುವುದಕ್ಕೆ ಹೇಳಿದೆ.

ನಿಮ್ಮ ಆರೋಗ್ಯ ಹೇಗಿದೆ?

ನಿಮ್ಮ ಸೊಸೆ


ಸೆಪ್ಟೆಂಬರ್ ೭

ಬೀಗರೇ,

ಬಾಯಿ ಮುಚ್ಚುತ್ತೇನೆ ಎಂದಿದ್ದೆ. ಇದು ಕೈ ಬರೆಯುತ್ತಿರುವುದು.

ನನ್ನ ಸೊಸೆ, ಅಂದರೆ ನಿಮ್ಮ ಮಗಳು, ನನಗೆ ಸಮಾಧಾನ ಹೇಳಲು ಹೋಗಿ ಒಂದು ಸಂಗತಿ ಬರೆದಿದ್ದಾಳೆ. ನಿಮ್ಮ ಕಲ್ಲಿನ ಮೇಲೆ ಈ ವರ್ಷವೆಲ್ಲ ಗಸಿ ಎಬ್ಬಿಸಿರುವುದು ನನ್ನ ಸೋಮಾರಿಯ ತುಂಡಿನಿಂದಂತೆ. ನೀವು ದೊಡ್ಡವರು, ಒಂದು ಮಾತು ಹೇಳಿ. ಗಟ್ಟಿ ಕಲ್ಲಿನ ಮೇಲೆ ಮೆತ್ತನೆ ಕಲ್ಲು ಉಜ್ಜಿದರೆ ಸವೆಯುವುದು ಯಾವುದು? ನಿಮ್ಮ ಕಲ್ಲು ಗಾಜಿನಷ್ಟು ಗಟ್ಟಿ ಎಂದು ನೀವೇ ಬರೆದಿದ್ದೀರಿ. ನನ್ನ ಸೋಮಾರಿ ಎಷ್ಟು ಮೆತ್ತಗೆಂದರೆ ಬೈದರೂ ಸವೆಯುತ್ತದೆ. ಹಾಗಾದರೆ ಆ ಹಾಲಿನಂಥ ಗಸಿ ಯಾರದ್ದು? ಕತ್ತಿಯ ಬಾಯಿಗೆ ಸಿಕ್ಕಿದ್ದು ಯಾರ ಪುಡಿ? ನಿಮ್ಮ ಕಲ್ಲು ಈ ವರ್ಷ ಮಾಗಿತು ಎಂದಿರಲ್ಲ, ಮಾಗಲಿಲ್ಲ ಬೀಗರೇ. ಅದು ಬರೀ ತಟ್ಟೆ. ಬಡಿಸಿದ್ದು ನಾನು.

ನಾವು ಕತ್ತರಿ ಚಾಕುವಿನವರು, ಗಸಿ ಎಬ್ಬಿಸುವ ಪದ್ಧತಿ ನಮ್ಮಲ್ಲಿಲ್ಲ. ಇಲ್ಲದಿದ್ದರೆ ಮಗ ಜೂನಿನಲ್ಲಿ ಬರೆದಾಗಲೇ, ಮರಿಕಲ್ಲು ಯಾವುದಪ್ಪಾ ಎಂದು ಕೇಳಿರುತ್ತಿದ್ದೆ. ಕೇಳದೆ ಮೂರು ತಿಂಗಳು ಬೂದಿ ಹಾಳು, ಬೆಣ್ಣೆ ಹಾಳು ಎಂದು ಒಳಗೊಳಗೇ ಕುದ್ದೆ. ಗೆದ್ದವಳು ನಾನೇ ಎಂದು ತಿಳಿಯದೆ ನನ್ನ ಮೇಲೆ ನಾನೇ ಹೊಟ್ಟೆಕಿಚ್ಚು ಪಟ್ಟೆ ಎಂದರೆ ನಗಬೇಡಿ.

ನಂಬದಿದ್ದರೆ ನಿಮ್ಮ ಕಲ್ಲಿನಿಂದ ಒಂದು ಚೂರು ಕೊಯ್ದು, ಅದರಿಂದಲೇ ಗಸಿ ಎಬ್ಬಿಸಿ ಒಂದು ಕತ್ತಿ ಹಿಡಿಯಿರಿ. ನನ್ನ ತುಂಡಿನಿಂದ ಇನ್ನೊಂದು. ನಿಮ್ಮ ಕೆನ್ನೆಗೇ ಹಾಕಿಕೊಳ್ಳಿ. ಎರಡು ಕಲ್ಲೂ ಸೇರಿದ್ದರಿಂದಲೇ ಚೆನ್ನಾಯಿತು ಎಂದು ನೀತಿ ಹೇಳಲು ಬರಬೇಡಿ, ನನಗೀಗ ನೀತಿ ಕೇಳುವ ಪುರುಸೊತ್ತಿಲ್ಲ. ಸೋಮಾರಿ ನನ್ನ ಕಪಾಟಿನಲ್ಲಿ ಒಂದಿಡೀ ಇಟ್ಟಿಗೆಯಷ್ಟಿದೆ. ಗಟ್ಟಿ ಕಲ್ಲು ನನಗೂ ಸಿಗುತ್ತದೆ. ಇನ್ನು ನನ್ನ ಮಗ ನಿಮ್ಮ ಬೆಂಚಿನಲ್ಲಿ ಕೂರಲು ಕಾರಣ ಏನಿದೆ?

ಬೀಗಿತ್ತಿ


ಸೆಪ್ಟೆಂಬರ್ ೨೪

ಬೀಗಿತ್ತಿಯವರಿಗೆ ನಮಸ್ಕಾರಗಳು.

ಕಲ್ಲಿನ ಮೂಲೆಯಿಂದ ಚೂರು ಕೊಯ್ದೆ. ಕೊಯ್ಯುವಾಗ ಮಗಳು ಎದುರಿಗಿರಲಿಲ್ಲ, ಅದು ಒಳ್ಳೆಯದಾಯಿತು. ಎರಡು ಕತ್ತಿಯನ್ನೂ ನಾನೇ ಹಿಡಿದೆ, ನನ್ನ ಮುಖಕ್ಕೇ ಹಾಕಿಕೊಂಡೆ. ಹೊರಗಿನ ಬೆಳಕಿನಲ್ಲಿ ಒಂದು ಸಲ, ಮಾರನೆಯ ವಾರ ಮತ್ತೊಂದು ಸಲ.

ತಾವು ಬರೆದದ್ದು ಸರಿ.

ನಮ್ಮ ಕಲ್ಲಿನದು ಕೆಟ್ಟ ಅಲಗಲ್ಲ. ಇಷ್ಟು ಕಾಲ ಜನ ಅದರಿಂದ ಸುಖವಾಗಿಯೇ ಕ್ಷೌರ ಮಾಡಿಸಿಕೊಂಡಿದ್ದಾರೆ. ಆದರೆ ಕೆಂಪು ದಾರದ ಅಲಗು ಅದರದಲ್ಲ. ತಂದೆಯ ಕಲ್ಲು ಕೊನೆಗೂ ನನಗೆ ಒಲಿಯಿತು ಎಂದುಕೊಂಡು ಈ ವರ್ಷ ಸ್ವಲ್ಪ ಹಾರಾಡಿದೆ. ಈ ಪ್ರಾಯದಲ್ಲಿ ಹಾರಾಡಬಾರದಿತ್ತು.

ಕಲ್ಲು ಬೇಕಾದರೆ ಇಲ್ಲೇ ನಿಲ್ಲಬೇಕು ಎಂದು ಅಳಿಯಂದಿರಿಗೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಕಲ್ಲು ಅವರದೇ, ಎಲ್ಲಿಗೆ ಬೇಕಾದರೂ ಕೊಂಡೊಯ್ಯಲಿ ಎಂದು ಹೇಳಿದೆ. ಅವರು ಕತ್ತಿ ಎಳೆಯುತ್ತಲೇ ಕೇಳಿಸಿಕೊಂಡರು. ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ.

ತಮ್ಮ ಬೀಗ


ಅಕ್ಟೋಬರ್ ೫

ಅಮ್ಮಾ,

ಕಪ್ಪು ತುಂಡಿನ ವಿಷಯ ನನಗೆ ಮೊದಲೇ ಗೊತ್ತಿತ್ತು. ಅದನ್ನು ಬಳಸಲು ಶುರುಮಾಡಿದ ಮೇಲೆ ಕತ್ತಿಯ ಸದ್ದೇ ಬದಲಾಯಿತು, ಗೊತ್ತಾಗದಿರುತ್ತದೆಯೇ? ಮಾವನಿಗೆ ಹೇಳಿದ್ದರೆ ಅವರ ಸಂತೋಷ ಹೋಗುತ್ತಿತ್ತು. ನಿನಗೆ ಹೇಳಿದ್ದರೆ ನೀನು ಈಗ ಬರೆದ ಹಾಗೆ ಆಗಲೇ ಬರೆಯುತ್ತಿದ್ದೆ. ಅದಕ್ಕೆ ಸುಮ್ಮನಿದ್ದೆ. ಇಲ್ಲಿ ಇರಲು ನನಗೊಂದು ಕಾರಣ ಬೇಕಿತ್ತು. ಕಲ್ಲಿಗಾಗಿ ಎಂದರೆ ನೀನು ಕಲ್ಲಿನ ಮೇಲೆ ಸಿಟ್ಟಾಗುತ್ತೀ, ನನ್ನ ಮೇಲಲ್ಲ ಎಂದುಕೊಂಡಿದ್ದೆ. ಆ ಕಾರಣವನ್ನು ನೀನು ಪುಡಿ ಮಾಡಿದೆ. ಈಗ ನಿಜ ಹೇಳಬೇಕು.

ನಾನು ವಾಪಸು ಬರುವುದಿಲ್ಲ ಅಮ್ಮಾ.

ಆ ಕ್ಷೌರಿಕ ನಿನ್ನನ್ನು ಕೇಳಿದ್ದು ಸಾಣೆ ಹಿಡಿದವರು ಯಾರು ಎಂದು. ನೀನು ಹೇಳಿದ್ದು ಕಲ್ಲು ನಮ್ಮದಲ್ಲ ಎಂದು. ಮೂರು ಕತ್ತಿಯನ್ನೂ ಹಿಡಿದದ್ದು ನಾನು. ಕಾಗದದಲ್ಲಿ ಇಷ್ಟುದ್ದ ಬರೆದಿದ್ದೀಯಲ್ಲ, ವ್ಯಾಪಾರಿಯ ಕಾಲುಬೆರಳು ಕೂಡ ಇದೆ, ನಾನಿಲ್ಲ. ಮಾವನಿಗೆ ಬರೆದ ಕಾಗದವನ್ನೂ ಓದಿದೆ. ಅದರಲ್ಲಿ ಸೋಮಾರಿ ಗೆದ್ದಿದೆ.

ನಿನ್ನ ಅಂಗಡಿಯಲ್ಲಿ ನಾನು ಹರಿತ ಮಾಡಿಟ್ಟ ಕತ್ತರಿಯನ್ನು, ನಾನು ಊಟಕ್ಕೆ ಹೋದಾಗ ನೀನು ಮತ್ತೆ ಕಲ್ಲಿಗೆ ಹಿಡಿಯುತ್ತಿದ್ದೆ. ನಾನು ಬರುವಷ್ಟರಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟಿರುತ್ತಿದ್ದೆ. ಆದರೆ ಕಲ್ಲು ಒದ್ದೆಯಿರುತ್ತಿತ್ತು. ಇಲ್ಲಿ ಮಾವ ಹೊಗಳುವುದೇನಿಲ್ಲ. ನಾನು ಕೊಟ್ಟ ಕತ್ತಿಯನ್ನು ಉಗುರಿಗೆ ಆನಿಸಿ ನೋಡದೆ ನೇರವಾಗಿ ಕುತ್ತಿಗೆಗೆ ಇಟ್ಟುಕೊಳ್ಳುತ್ತಾರೆ, ಅಷ್ಟೇ.

ಬೂದಿ, ಬೆಣ್ಣೆ ಎರಡನ್ನೂ ಕಳಿಸಿದ್ದೇನೆ. ನೀನು ಬಂದು ನಮ್ಮ ಜೊತೆ ಇರು ಎಂದು ಕೇಳುವ ಆಸೆಯಿದೆ, ಕೇಳಲು ಹೆದರಿಕೆಯೂ ಇದೆ.

ನಿನ್ನ ಮಗ


ನವೆಂಬರ್ ೧೪

ಬೀಗರೇ,

ಮಗನ ಕಾಗದಕ್ಕೆ ಉತ್ತರ ಬರೆಯಲು ತುಂಬ ಸಲ ಕೂತೆ. ಪ್ರತಿ ಸಲವೂ ಎರಡನೆಯ ಸಾಲಿಗೇ ಅವನ ತಪ್ಪು ತಿದ್ದಲು ಹೊರಡುತ್ತೇನೆ. ಅಂಗಡಿಯಲ್ಲಿ ಕಲ್ಲು ಒದ್ದೆಯಿರುತ್ತಿತ್ತು ಎಂದು ಅವನು ಬರೆದದ್ದನ್ನು ಓದಿದಾಗ ನನಗೆ ಮೊದಲು ಅನ್ನಿಸಿದ್ದು, ಒರೆಸಿ ಇಡಬೇಕಿತ್ತು ಎಂದು. ಇಂಥ ತಲೆ ನನ್ನದು. ಇದನ್ನು ಯಾವ ಕಲ್ಲಿಗೆ ಹಿಡಿದರೂ ಇನ್ನೂ ಹರಿತವಾದೀತೇ ಹೊರತು ನಯವಾಗುವುದಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮನ್ನು ತಿದ್ದುವುದನ್ನು ಸೆಪ್ಟೆಂಬರಿನಲ್ಲೇ ಮುಗಿಸಿದ್ದೇನೆ.

ಮೊನ್ನೆ ಎದುರಂಗಡಿಯ ಕ್ಷೌರಿಕ ಮತ್ತೆ ಬಂದು, ಆ ಕೆಂಪು ದಾರದವರ ವಿಳಾಸ ಕೊಡಿ ಅಕ್ಕಾ ಎಂದ. ಈ ಸಲ, ಅವನು ನನ್ನ ಮಗ ಎಂದೆ. ನೀವೇ ಕಲಿಸಿದ್ದಾ ಎಂದು ಕೇಳಿದ. ಹೌದು ಎನ್ನುವ ಮಾತು ಹಲ್ಲಿನವರೆಗೂ ಬಂದಿತ್ತು. ಇಲ್ಲ, ಅವನ ಮಾವ ಎಂದೆ. ಇದನ್ನು ನಿಮಗೆ ತಿಳಿಸಬೇಕೆಂದೇನಿರಲಿಲ್ಲ. ಆ ಮಾತಿಗೆ ನಾನು ಪಟ್ಟ ಕಷ್ಟ ಯಾರಿಗಾದರೂ ಗೊತ್ತಿರಲಿ ಎಂದು ಬರೆದೆ. ಆಮೇಲೆ ಕ್ಷೌರಿಕನ ಕತ್ತಿಗಳನ್ನು ಕಟ್ಟಿಸಿಕೊಂಡು ನಿಮ್ಮ ವಿಳಾಸಕ್ಕೇ ಕಳಿಸಿದ್ದೇನೆ, ಬಂದಿರಬೇಕು. ನನ್ನ ಪೇಟೆಯ ಗಿರಾಕಿಯನ್ನು ನನ್ನ ಕೈಯಾರೆ ನಿಮ್ಮೂರಿಗೆ ಸಾಗಹಾಕಿದ್ದು ಇದೇ ಮೊದಲು.

ನನಗೆ ನಿಮ್ಮ ಕಲ್ಲಿನ ಮೇಲೆ ಈಗ ಹೊಟ್ಟೆಕಿಚ್ಚಿಲ್ಲ. ನಿಮ್ಮ ಬೆಂಚಿನಲ್ಲಿ ನಿಮ್ಮ ಪಕ್ಕದ ಜಾಗವಿದೆಯಲ್ಲ, ಅದರ ಮೇಲಿದೆ. ಅಲ್ಲಿ ಕೂತವನು ಅಷ್ಟು ನಿಶ್ಚಿಂತೆಯಿಂದ ಕೆಲಸ ಮಾಡುತ್ತಾನಂತೆ. ನಾನು ಜನ್ಮದಲ್ಲಿ ಯಾರ ಪಕ್ಕದಲ್ಲೂ ಕೂತು ಕಲಿತವಳಲ್ಲ. ಬಿದ್ದು, ಕೊಯ್ದುಕೊಂಡು, ಗಿರಾಕಿಯಿಂದ ಬೈಸಿಕೊಂಡು ಕಲಿತವಳು. ಹೇಳಿಕೊಟ್ಟರೆ ಹೇಗಿರುತ್ತದೆ ಎನ್ನುವುದು ನನಗೆ ಗೊತ್ತಿಲ್ಲ.

ಆದ್ದರಿಂದ ಕೇಳುತ್ತೇನೆ. ಮುಂದಿನ ತಿಂಗಳು ಅಂಗಡಿಗೆ ಬೀಗ ಹಾಕಿ ಬರುತ್ತೇನೆ. ಕ್ಷೌರಕತ್ತಿಯ ಕೆಲಸ ನನ್ನ ಅಂಗಡಿಯಲ್ಲಿ ಆಗಲೇಬೇಕು, ಮಗ ಮಾಡದಿದ್ದರೆ ನಾನು ಮಾಡುತ್ತೇನೆ. ನನಗೆ ಕಲಿಸಿ. ಊಟ ತಿಂಡಿಗೆ ತಕರಾರು ಮಾಡುವವಳಲ್ಲ. ಬೆಂಚಿನಲ್ಲಿ ಮಗನನ್ನು ಎಬ್ಬಿಸಬೇಡಿ, ಅವನ ಜಾಗ ಅವನಿಗಿರಲಿ, ನನಗೆ ಆಚೆ ತುದಿ ಸಾಕು. ಸೋಮಾರಿಯನ್ನು ಇಡಿಯಾಗಿ ತರುತ್ತೇನೆ, ನಿಮಗೆ ಎಷ್ಟು ಬೇಕೋ ಅಷ್ಟು ಕೊಯ್ದುಕೊಳ್ಳಿ.

ಒಂದೇ ಕರಾರು. ಮಗನ ಕೈಗೆ ನನ್ನನ್ನು ಒಪ್ಪಿಸಬೇಡಿ, ನೀವೇ ಕಲಿಸಿ. ಅವನು ಹೇಳಿಕೊಡಲು ಕೂತರೆ, ಮಧ್ಯಾಹ್ನದೊಳಗೆ ನಾನು ಅವನಿಗೆ ಹೇಳಿಕೊಡುತ್ತಿರುತ್ತೇನೆ.

ನಿಮ್ಮ ಬೀಗಿತ್ತಿ